‘ಎ’ ಅಂದ್ರೆ ನೀವೇ ಕಣ್ರೀ!

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈಗ, ಈ ಹೊತ್ತಿಗೆ, ನಿಮ್ಮ ತಲೆ ಮೇಲೆ ಎಷ್ಟು ಕರಾರುಗಳಿವೆ? "ನನಗ್ಯಾವ ಕರಾರು ಸ್ವಾಮಿ, ನಾನು ಯಾವ ಸ್ಟಾಂಪ್ ಪೇಪರಿಗೂ ಸೈನ್ ಹಾಕಿಲ್ಲ" ಅಂತೀರಿ ತಾನೆ? ಗೊತ್ತಿತ್ತು. (ಪಕ್ಕದಲ್ಲಿ ಕೂತಿರೋ ನಿಮ್ಮ ಮನೆಯವರು ಆಗಲೇ ಬೆರಳು ಮಡಚೋಕೆ ಶುರು ಮಾಡಿದ್ದಾರೆ, ನೋಡ್ಕೊಳ್ಳಿ.)

ಟೈಲರ್ ಹತ್ರ ಕೊಟ್ಟ ಪ್ಯಾಂಟ್ ಪೀಸು ಒಂದು ಕರಾರು. ಬೆಳಗ್ಗೆ ಬಾಗಿಲಿಗೆ ಬೀಳೋ ಪೇಪರು ಒಂದು ಕರಾರು. ತಿಂಗಳ ಚೀಟಿ, ನೀರಿನ ಕ್ಯಾನು, ಮಗಳ ಸಂಗೀತದ ಕ್ಲಾಸು, ಅರ್ಧಕ್ಕೆ ನಿಂತಿರೋ ಅಡುಗೆಮನೆ ಕಬೋರ್ಡು, ಎಲ್ಲಾ ಕರಾರೇ. ಬಹಳಷ್ಟು ವ್ಯವಹಾರಕ್ಕೆ ಕಾಗದಾನೇ ಬೇಕಿಲ್ಲ ಕಣ್ರೀ. "ಆಯ್ತು, ಮಾಡಿ" ಅಂತ ಬಾಯಲ್ಲಿ ಅಂದ್ರೂ 1872ರ ಕರಾರು ಕಾಯ್ದೆ ನಿಮ್ಮ ಕೈ ಹಿಡ್ಕೊಂಡಿರುತ್ತೆ.

ಶುರು ಮಾಡೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ, ಒಪ್ಪಿದೆ. ಮುಗಿಸೋದು? ಅಲ್ಲೇ ಇರೋದು ಎಡವಟ್ಟು. "ಇಲ್ಲಿಗೆ ಸಾಕು" ಅನ್ನೋ ಎರಡು ಪದ ನಿಮ್ಮ ಗಂಟಲಿಂದ ಹೊರಡಲ್ಲ. ಫೋನ್ ಎತ್ತಲ್ಲ, ಬೀದಿ ಬದಲಾಯಿಸ್ತೀರಿ, ಅಕಸ್ಮಾತ್ ಎದುರು ಸಿಕ್ಕರೆ "ನೋಡೋಣ, ಹೇಳಿ ಕಳಿಸ್ತೀನಿ" ಅಂತೀರಿ. ಹಾಗೇ ಬಿಟ್ರೆ ತಾನಾಗೇ ಸತ್ತು ಹೋಗುತ್ತೆ ಅನ್ನೋದು ನಿಮ್ಮ ನಂಬಿಕೆ.

ಸಾಯಲ್ಲ. ಕರಾರಿಗೆ ಸಾವು ಬರೋಕೂ ಕಾಯ್ದೇಲಿ ಲೆಕ್ಕ ಇದೆ, ದಾರಿ ಇದೆ. ತಮಾಷೆ ಅಂದ್ರೆ ಆ ಕಾಯ್ದೆ ತುಂಬ ಪುಟ್ಟ ಪುಟ್ಟ ಕತೆಗಳು. ಕಥಾನಾಯಕನ ಹೆಸರು ಎ. ಅವನ ಎದುರಿಗೆ ಬಿ. ಆಗಾಗ ಸಿ ಅನ್ನೋನು ಬಂದು ತಲೆ ಹಾಕ್ತಾನೆ. ಎ ಚಿತ್ರ ಬರ್ಕೊಡ್ತೀನಿ ಅಂತಾನೆ, ಸಾಲ ಮಾಡ್ತಾನೆ, ಹಾಡೋಕೆ ಬರ್ತೀನಿ ಅಂತ ಹೇಳಿ ಬರೋದೇ ಇಲ್ಲ. ಓದ್ತಾ ಓದ್ತಾ ಎಲ್ಲೋ ನೋಡಿದ ಮುಖ ಅನ್ಸುತ್ತೆ. (ಕನ್ನಡಿ ತರಿಸ್ಲಾ?)

ಮರ್ಯಾದಸ್ಥರ ದಾರಿ ಯಾವುದು ಅಂತ ಮೊದಲೇ ಹೇಳಿ ಮುಗಿಸ್ತೀನಿ, ಯಾಕಂದ್ರೆ ಅದರಲ್ಲಿ ಸ್ವಾರಸ್ಯ ಇಲ್ಲ. ಅವರು ಕೆಲಸ ಮಾಡೋದು, ನೀವು ದುಡ್ಡು ಕೊಡೋದು, ಇಬ್ರೂ ಕೈ ಮುಗಿಯೋದು. ಆಯ್ತು. ನಿಮ್ಮನೇಲಿ ಹೀಗಾಗಿದ್ದು ಕೊನೇ ಸಲ ಯಾವಾಗ, ಸ್ವಲ್ಪ ನೆನಪು ಮಾಡ್ಕೊಳ್ಳಿ?

ಕಬೋರ್ಡನ್ನೇ ತಗೊಳ್ಳಿ. ಒಂದೇ ಒಂದು ಹ್ಯಾಂಡಲ್ ಬಾಕಿ. ನಿಮ್ಮ ಕಡೆಯಿಂದ ಐದು ಸಾವಿರ ಬಾಕಿ. "ಹ್ಯಾಂಡಲ್ ಹಾಕ್ಲಿ, ಕೊಡ್ತೀನಿ" ಅಂತ ನೀವು. "ಐದು ಸಾವಿರ ಬರ್ಲಿ, ಹಾಕ್ತೀನಿ" ಅಂತ ಕಾರ್ಪೆಂಟರು. ಎರಡೂ ಒಟ್ಟೊಟ್ಟಿಗೇ ಆಗಬೇಕಾದ ಮಾತಾಗಿದ್ರೆ, ಎದುರಿನವರು ತಯಾರಾಗಿ ನಿಲ್ಲೋ ತನಕ ನೀವೂ ಮಾಡಬೇಕಿಲ್ಲ ಅನ್ನುತ್ತೆ ಸೆಕ್ಷನ್ 51. ಇಬ್ರೂ ಆ ಸೆಕ್ಷನ್ ತನ್ನ ಕಡೆಗೇ ಇದೆ ಅಂದ್ಕೊಂಡು ಕೂತಿದ್ದೀರಿ. (ಅಷ್ಟು ದಿನದಿಂದ ಆ ಬಾಗಿಲನ್ನ ಚಮಚದಲ್ಲಿ ಮೀಟಿ ತೆಗೀತಿರೋರು ನಿಮ್ಮಮ್ಮ.)

ಇನ್ನು ಪೇಂಟರ್ ವಿಷಯ. ಅವನನ್ನ ಕರೆಸಿದ್ರಿ, ರೇಟು ಮಾತಾಡಿದ್ರಿ, ಅಡ್ವಾನ್ಸೂ ಕೊಟ್ರಿ. ಹಾಲಿಗೆ ಯಾವ ಬಣ್ಣ ಅಂತ ಕೇಳ್ದ. ನೀವು ತಿಳಿಹಳದಿ ಅಂದ್ರಿ, ನಿಮ್ಮ ಮನೆಯವರು ಬೂದಿ ಬಣ್ಣ ಅಂದ್ರು. ಕಲರ್ ಕಾರ್ಡು ಟೀಪಾಯಿ ಮೇಲೆ ಕೂತು ಅದಕ್ಕೂ ಧೂಳು ಹಿಡೀತು. ಮೂರು ಸಲ ಫೋನ್ ಮಾಡಿ ಕೇಳಿ, ಆಮೇಲೆ ಅವನು ಬೇರೆ ಮನೆ ಹಿಡಿದು ಹೋದ. ಈಗ ಬೀದಿಗೆಲ್ಲ ಕೇಳೋ ಹಾಗೆ "ಮಾತಿಗೆ ತಪ್ಪಿದ" ಅಂತೀರಿ!

ಸೆಕ್ಷನ್ 67 ತೆಗೀರಿ. ಅಲ್ಲಿ ಎ ಅನ್ನೋನು ಬಿ ಮನೆ ರಿಪೇರಿ ಮಾಡ್ತೀನಿ ಅಂತ ಒಪ್ಕೋತಾನೆ. ಎಲ್ಲೆಲ್ಲಿ ರಿಪೇರಿ ಆಗಬೇಕು ಅಂತ ತೋರಿಸೋಕೆ ಮಾತ್ರ ಬಿ ಬರಲ್ಲ. ಆ ಉದಾಸೀನದಿಂದಲೇ ಕೆಲಸ ನಿಂತ್ರೆ, ಎ ಮೇಲೆ ತಪ್ಪು ಹೊರಿಸೋ ಹಾಗಿಲ್ಲ, ಅವನು ಬಿಡುಗಡೆ. ಬ್ರಿಟಿಷರ ಕಾಲದಲ್ಲೇ ಬರೆದಿಟ್ಟಿದ್ದಾರೆ ನೋಡಿ ನಿಮ್ಮ ಮನೆ ಕತೆ! (ಈ ಕತೇಲಿ ಮಾತ್ರ ನೀವು ಬಿ. ಖುಷಿ ಪಡಬೇಡಿ.)

ಸರಿ, ತಪ್ಪು ನಿಜವಾಗ್ಲೂ ಅವರದ್ದೇ ಇದೆ ಅಂತಿಟ್ಕೊಳ್ಳೋಣ. ಕಾರ್ಪೆಂಟರು ವಾರಗಟ್ಟಲೆ ನಾಪತ್ತೆ. ನೀವು ಸ್ನಾನ ಮಾಡ್ತಾ, ಗಾಡಿ ಓಡಿಸ್ತಾ, ಸಿಗ್ನಲ್ಲಲ್ಲಿ ನಿಂತು, ಅವನಿಗೆ ಬೈಯೋ ಡೈಲಾಗು ರೆಡಿ ಮಾಡಿದ್ದೀರಿ. "ನಿನ್ನ ಸಹವಾಸವೇ ಬೇಡ, ಟೂಲ್ಸ್ ಎತ್ಕೊಂಡು ಹೊರಡು" ಅನ್ನೋದು ಕ್ಲೈಮ್ಯಾಕ್ಸು. ಭಾನುವಾರ ಬೆಳಗ್ಗೆ ಬೆಲ್ ಆಯ್ತು. ಬಾಗಿಲು ತೆಗೆದ್ರಿ. ಏನಂದ್ರಿ? "ಬನ್ನಿ ಬನ್ನಿ, ಕಾಫಿ ಕುಡೀತೀರಾ?"

ಅಯ್ಯೋ, ಅಲ್ಲಿಗೆ ಹೋಯ್ತು! ಸೆಕ್ಷನ್ 39ರಲ್ಲಿ ಒಬ್ಬ ಗಾಯಕಿ ಇದ್ದಾಳೆ. ಎರಡು ತಿಂಗಳು, ವಾರಕ್ಕೆ ಎರಡು ರಾತ್ರಿ, ಥಿಯೇಟರಲ್ಲಿ ಹಾಡ್ತೀನಿ ಅಂತ ಮಾತು; ರಾತ್ರಿಗೆ ನೂರು ರೂಪಾಯಿ. ಆರನೇ ರಾತ್ರಿ ಬೇಕಂತಲೇ ಕೈ ಕೊಡ್ತಾಳೆ. ಆಗ ಮ್ಯಾನೇಜರು "ಸಾಕು, ಕರಾರು ಮುಗೀತು" ಅನ್ನಬಹುದು, ಅದು ಅವನ ಹಕ್ಕು. ಆದರೆ ಏಳನೇ ರಾತ್ರಿ ಅವಳು ಬಂದು, ಅವನೂ ಒಪ್ಪಿ ಹಾಡಿಸಿದ ಅಂದ್ರೆ, ಆ ತಪ್ಪಿಗಾಗಿ ಕರಾರು ಮುರಿಯೋ ಹಕ್ಕು ಕೈಬಿಟ್ಟ ಹಾಗೆ. ಆರನೇ ರಾತ್ರಿಯ ನಷ್ಟ ಕೇಳ್ಕೋಬಹುದು, ಅಷ್ಟೇ.

ನಿಮ್ಮ ಕಾಫಿ ಇದೆಯಲ್ಲ, ಅದು ಏಳನೇ ರಾತ್ರಿ. ಮುರಿಯೋದಿದ್ರೆ ಹಾಲು ಒಲೆ ಮೇಲೆ ಇಡೋಕೆ ಮುಂಚೆ ಮುರೀಬೇಕಿತ್ತು. (ಅದಿರ್ಲಿ, ಮ್ಯಾನೇಜರು ಆರನೇ ರಾತ್ರಿಗೇ ಮುರಿದಿದ್ರೂ, ಹಾಡಿದ ಐದು ರಾತ್ರಿಯ ದುಡ್ಡು ಎಣಿಸಿ ಕೊಡಲೇಬೇಕು, ಅದು ಸೆಕ್ಷನ್ 65. "ಕೆಲಸ ಅರ್ಧಕ್ಕೆ ಬಿಟ್ಟ, ಒಂದು ಪೈಸೆ ಕೊಡಲ್ಲ" ಅಂತ ಎಗರಾಡ್ತಿದ್ರಲ್ಲ, ಕೂತ್ಕೊಳ್ಳಿ.)

ನೀವೇ ಕೈ ಕೊಟ್ಟಿರೋ ಕಡೆ? ಜನವರಿ ಜಿಮ್ಮು ನೆನಪಿದೆಯಾ? ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟು ಅಂದ್ರು, ಕಟ್ಟಿದ್ರಿ. ಸಂಕ್ರಾಂತಿ ತನಕ ಹೋದ್ರಿ. ಎಳ್ಳುಬೆಲ್ಲ ತಿಂದಿದ್ದೇ ನೆಪ. ಆಮೇಲೆ "ನಾನು ಹೋಗ್ತಾ ಇಲ್ವಲ್ಲ, ಅಂದ್ಮೇಲೆ ಆ ಕರಾರು ಕ್ಯಾನ್ಸಲ್ ಅಲ್ವಾ" ಅಂತ ನಿಮಗೆ ನೀವೇ ತೀರ್ಪು ಬರ್ಕೊಂಡ್ರಿ. ಅವರು ಬೆಳಗ್ಗೆ ಬಾಗಿಲು ತೆಗೆದು, ಟ್ರೆಡ್‌ಮಿಲ್ ಒರೆಸಿ, ಕಾಯ್ತಾ ಇದ್ರು ಸ್ವಾಮಿ. ಅವರು ಕೊಡೋಕೆ ಸಿದ್ಧ, ತಗೊಳ್ಳೋಕೆ ನೀವಿಲ್ಲ. ಸೆಕ್ಷನ್ 38 ಇಂಥ ಕಡೆ ಕಾದವರ ಪರವಾಗಿಯೇ ನಿಲ್ಲುತ್ತೆ.

ಮೊಬೈಲಲ್ಲಿ ಸಿನಿಮಾ ನೋಡೋಕೆ ಅಂತ ಹಾಕ್ಕೊಂಡ ಆ್ಯಪು? ಒಂದು ತಿಂಗಳು ಫ್ರೀ ಅಂದಿದ್ರು, ಕಾರ್ಡ್ ನಂಬರ್ ಕೊಟ್ರಿ, ಮರೆತ್ರಿ. ಹೀಗೆ ತಾನಾಗೇ ದುಡ್ಡು ಕಟ್ ಆಗೋಕೆ ಇಪ್ಪತ್ನಾಲ್ಕು ಗಂಟೆ ಮುಂಚೆ ತಿಳಿಸಲೇಬೇಕು ಅಂತ ರಿಸರ್ವ್ ಬ್ಯಾಂಕು 2021ರ ಅಕ್ಟೋಬರಿಂದ ಜಾರಿ ಮಾಡಿದೆ. ಮೆಸೇಜು ಬಂದಿರುತ್ತೆ. ನೀವು ಅದನ್ನ ಲೋನ್ ಬೇಕಾ ಅನ್ನೋ ಮೆಸೇಜುಗಳ ಜೊತೆಗೇ ಗುಡಿಸಿ ಹಾಕಿರ್ತೀರಿ.

ಬಾಡಿಗೆ ಮನೆಯವರು ಒಳಗೊಳಗೇ ನಗ್ತಿದ್ದೀರೇನೋ? "ನಮ್ಮದು ಹನ್ನೊಂದು ತಿಂಗಳ ಅಗ್ರಿಮೆಂಟು, ತಾರೀಕು ಬಂತು, ಮುಗೀತು" ಅಂತ? ಆ ಹನ್ನೊಂದು ತಿಂಗಳ ಲೆಕ್ಕ ಬಂದಿದ್ದೇ ವರ್ಷ ದಾಟಿದ್ರೆ ಅಗ್ರಿಮೆಂಟು ರಿಜಿಸ್ಟರ್ ಮಾಡಿಸಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳೋದ್ರಿಂದ. ಹನ್ನೊಂದು ಮುಗಿದು ಎಷ್ಟು ಕಾಲ ಆಯ್ತು? ನೀವು ಬಾಡಿಗೆ ಹಾಕ್ತಾನೇ ಇದ್ದೀರಿ, ಓನರ್ ತಗೋತಾನೇ ಇದ್ದಾರೆ. ಹೊಸ ಅಗ್ರಿಮೆಂಟ್ ಮಾತೆತ್ತಿದ್ರೆ ಬಾಡಿಗೆ ಏರಿಸ್ತಾರೆ ಅಂತ ನಿಮ್ಮ ಭಯ. ಎತ್ತಿದ್ರೆ ನೀವು ಪ್ಲಂಬಿಂಗ್ ಮಾತೆತ್ತುತ್ತೀರಿ ಅಂತ ಅವರ ಭಯ.

ಹೀಗೆ ಇಬ್ಬರೂ ಬಾಯಿ ಮುಚ್ಕೊಂಡಿದ್ದಕ್ಕೂ ಕಾನೂನಲ್ಲಿ ಜಾಗ ಇದೆ. ಮುಗಿದ ಕರಾರು ತಿಂಗಳು ತಿಂಗಳಿಗೆ ಹೊಸದಾಗಿ ಉಸಿರಾಡುತ್ತೆ. ಬೇರೆ ಮಾತು ಆಗಿರದಿದ್ರೆ, ಎಬ್ಬಿಸೋರಿಗೂ ಏಳೋರಿಗೂ ಹದಿನೈದು ದಿನದ ನೋಟಿಸು. ಇದು ಆಸ್ತಿ ವರ್ಗಾವಣೆ ಕಾಯ್ದೆ ಮಾತು. ಪೇಂಟಿಂಗ್ ಚಾರ್ಜ್ ಅಂತ ಒಂದು ತಿಂಗಳ ಬಾಡಿಗೆ ಅಡ್ವಾನ್ಸಲ್ಲಿ ಹಿಡ್ಕೊಳ್ಳೋದು ಮಾತ್ರ ಬೆಂಗಳೂರು ಓನರುಗಳೇ ಬರ್ಕೊಂಡ ಶಾಸನ. (ನೀವೂ ಓನರೇನಾ? ಹಾಗಾದ್ರೆ ಈ ವಾಕ್ಯ ಓದಲಿಲ್ಲ ಅನ್ಕೊಳ್ಳಿ.)

ಈಗ ಬನ್ನಿ ನಿಮ್ಮ ಅಚ್ಚುಮೆಚ್ಚಿನ ದಾರಿಗೆ. "ಆಗಲ್ಲ ಸಾರ್, ಪರಿಸ್ಥಿತಿ ಹಾಗಿದೆ!" ಕರಾರು ಕಾಯ್ದೆಯ ಸೆಕ್ಷನ್ 56 ಇರೋದು ಇದಕ್ಕೇ: ಮಾಡೋಕೆ ಸಾಧ್ಯವೇ ಇಲ್ಲದ ಕೆಲಸದ ಕರಾರು ನಿಲ್ಲಲ್ಲ. ಅದರ ಮೊದಲನೇ ಕತೇಲೇ ಎ ಅನ್ನೋ ಮಹಾನುಭಾವ ಮಂತ್ರ ಹಾಕಿ ನಿಧಿ ಹುಡುಕಿ ಕೊಡ್ತೀನಿ ಅಂತ ಬಿಗೆ ಮಾತು ಕೊಡ್ತಾನೆ. ಆ ಒಪ್ಪಂದ ಹುಟ್ಟುವಾಗಲೇ ಸತ್ತಿದ್ದು. (ನಿಧಿ ಆಸೆಗೆ ಹಳೇ ದೇವಸ್ಥಾನದ ಹಿಂದೆ ರಾತ್ರಿ ಗುಂಡಿ ತೋಡೋ ನಮ್ಮ ಕಡೆ ಜನಕ್ಕೆ ಈ ಸೆಕ್ಷನ್ ಯಾರಾದ್ರೂ ಓದಿ ಹೇಳ್ರಪ್ಪ.)

ಹುಟ್ಟಿದಾಗ ಚೆನ್ನಾಗಿದ್ದು ಆಮೇಲೆ ಸಾಯೋವೂ ಇವೆ. ಲಂಡನ್ನಿನ ಒಂದು ಸಂಗೀತ ಸಭಾಂಗಣ, ಸರ್ರೆ ಗಾರ್ಡನ್ಸ್ ಅಂತ. 1861ರಲ್ಲಿ ನಾಲ್ಕು ದಿನದ ಕಾರ್ಯಕ್ರಮಕ್ಕೆ ದಿನಕ್ಕೆ ನೂರು ಪೌಂಡಿನ ಹಾಗೆ ಮಾತಾಯ್ತು. ಮೊದಲನೇ ಕಾರ್ಯಕ್ರಮಕ್ಕೆ ವಾರ ಇರಬೇಕಾದ್ರೆ ಸಭಾಂಗಣವೇ ಸುಟ್ಟು ಹೋಯ್ತು. ಇಬ್ಬರದ್ದೂ ತಪ್ಪಿಲ್ಲ, ಇಬ್ಬರಿಗೂ ಬಿಡುಗಡೆ ಅಂತ 1863ರಲ್ಲಿ ತೀರ್ಪು. ಲಾ ಕಾಲೇಜಿನ ಹುಡುಗರಿಗೆ ಟೇಲರ್ ವರ್ಸಸ್ ಕಾಲ್ಡ್‌ವೆಲ್ ಅಂದ್ರೆ ಇದೇ.

ಅದಕ್ಕಿಂತ ಮಜಾ ಇರೋದು ರಾಜನ ಕತೆ. 1902ರ ಜೂನಲ್ಲಿ ಏಳನೇ ಎಡ್ವರ್ಡಿನ ಪಟ್ಟಾಭಿಷೇಕದ ಮೆರವಣಿಗೆ. ಹೆನ್ರಿ ಅನ್ನೋರು ಅದನ್ನ ಕಿಟಕಿಯಿಂದ ನೋಡೋಕೆ ಅಂತ ಪಾಲ್ ಮಾಲ್ ರಸ್ತೇಲಿ ಎರಡು ಹಗಲಿಗೆ ರೂಮು ಹಿಡಿದ್ರು. 75 ಪೌಂಡ್ ಬಾಡಿಗೆ, 25 ಅಡ್ವಾನ್ಸು. (ನಮ್ಮ ಮೈಸೂರಲ್ಲಿ ಜಂಬೂಸವಾರಿ ದಿನ ಮಹಡಿ ಹುಡುಕಿದೋರಿಗೆ ಆ ಸಂಕಟ ಗೊತ್ತು.) ಅಷ್ಟರಲ್ಲಿ ರಾಜನಿಗೇ ಹೊಟ್ಟೆ ಆಪರೇಷನ್! ರೂಮಿತ್ತು, ಕಿಟಕಿ ಇತ್ತು, ರಸ್ತೇಲಿ ರಾಜ ಮಾತ್ರ ಇಲ್ಲ. ಉಳಿದ 50 ಪೌಂಡ್ ಕೊಡಬೇಕಿಲ್ಲ ಅಂತ 1903ರಲ್ಲಿ ಕೋರ್ಟ್ ಹೇಳ್ತು.

ಇದನ್ನ ಓದಿ ನೀವು ಹಿಗ್ಗಬೇಡಿ. ಅದೇ ಪಟ್ಟಾಭಿಷೇಕಕ್ಕೆ ರಾಜ ನೌಕಾಪಡೆ ನೋಡೋದನ್ನ ತೋರಿಸ್ತೀನಿ ಅಂತ ಇನ್ನೊಬ್ಬ ಪುಣ್ಯಾತ್ಮ ಸ್ಟೀಮರು ಬಾಡಿಗೆಗೆ ಹಿಡಿದಿದ್ದ. ರಾಜ ಬರಲಿಲ್ಲ ಅಂತ ಅವನೂ ದುಡ್ಡು ನಿಲ್ಲಿಸ್ದ. "ಹಡಗುಗಳು ಅಲ್ಲೇ ಇದ್ವಲ್ಲಪ್ಪ, ಒಂದು ಸುತ್ತು ಹಾಕಿಸಬಹುದಿತ್ತು, ತೆಗಿ ದುಡ್ಡು" ಅಂತ ಅದೇ ವರ್ಷ ಕೋರ್ಟ್ ಗದರಿಸ್ತು. ಹಾಗಾಗಿ ಮದುವೆಗೆ ನಿಮ್ಮ ಭಾವ ಮುನಿಸ್ಕೊಂಡು ಬರಲಿಲ್ಲ ಅಂದ ಮಾತ್ರಕ್ಕೆ ಛತ್ರದ ಬಾಡಿಗೆ ಇಳಿಯಲ್ಲ.

2020ರಲ್ಲಿ ಛತ್ರಗಳ ಮುಂದೆ ನಡೆದ ರಾಮಾಯಣ ನಿಮಗೇ ಗೊತ್ತಲ್ಲ. ಮಾರ್ಚಲ್ಲಿ ಲಾಕ್‌ಡೌನು, ಆಮೇಲೆ ಮದುವೆಗೆ ಐವತ್ತೇ ಜನ. ನೀವು ಸಾವಿರ ಎಲೆಗೆ ಹೇಳಿ ಅಡ್ವಾನ್ಸ್ ಕಟ್ಟಿದ್ರಿ. ಸರ್ಕಾರವೇ ಬಾಗಿಲು ಹಾಕಿಸಿದಾಗ ಕರಾರು ಬಿದ್ದು ಹೋಗುತ್ತೆ, ತಗೊಂಡಿದ್ದನ್ನ ವಾಪಸ್ ಕೊಡಬೇಕು, ಅದು ಕಾಯ್ದೆಯ ಸಾಮಾನ್ಯ ಮಾತು. ಆದರೆ ಇಂಥ ಸಂದರ್ಭಕ್ಕೆ ಏನು ಮಾಡ್ಬೇಕು ಅಂತ ನೀವೇ ಮೊದಲೇ ಒಪ್ಕೊಂಡಿದ್ರೆ ಆ ಮಾತೇ ನಡೆಯೋದು. ರಸೀದಿ ಹಿಂದೆ ಇರುವೆ ಸಾಲಿನ ಹಾಗೆ ಏನೋ ಪ್ರಿಂಟ್ ಆಗಿತ್ತಲ್ಲ, ಓದಿದ್ರಾ? (ಅದರ ಮೇಲೆ ನೀವು ಅಡುಗೆಯವರ ಲಿಸ್ಟ್ ಬರ್ಕೊಂಡಿದ್ರಿ.)

ಇನ್ನು "ಸಿಮೆಂಟ್ ರೇಟು ಜಾಸ್ತಿ ಆಯ್ತು", "ಸಿಲ್ಕ್ ಬೋರ್ಡ್ ಟ್ರಾಫಿಕ್ಕು" ಇವೆಲ್ಲ ನಡಿಯಲ್ಲ. ಇಂಡೊನೇಷ್ಯಾದಲ್ಲಿ ಕಲ್ಲಿದ್ದಲಿನ ಬೆಲೆ ಏರಿ ನಮ್ಮ ದೊಡ್ಡ ದೊಡ್ಡ ವಿದ್ಯುತ್ ಕಂಪನಿಗಳು "ನಮ್ಮ ಕೈಲಾಗಲ್ಲ" ಅಂತ ಸುಪ್ರೀಂ ಕೋರ್ಟ್ ತನಕ ಹೋದ್ವು. ದುಬಾರಿ ಆಗೋದು ಬೇರೆ, ಆಗದೇ ಇರೋದು ಬೇರೆ ಅಂತ 2017ರಲ್ಲಿ ಕಳಿಸ್ಬಿಡ್ತು ಕೋರ್ಟು. ಅವರಿಗೇ ಸಿಗದ ಮಾಫಿ ನಿಮಗೆ ಟ್ರಾಫಿಕ್ಕಿಗೆ ಸಿಗುತ್ತಾ?

ಸೈಟ್ ಮಾರೋ ಪೈಕಿಯವರಿಗೂ ಒಂದು ಕತೆ ಇಟ್ಟಿದ್ದೀನಿ. 1940ರಲ್ಲಿ ಕಲ್ಕತ್ತದಲ್ಲಿ ಒಂದು ಕಂಪನಿ ಲೇಔಟ್ ಮಾಡ್ತು. ಒಬ್ಬರು 101 ರೂಪಾಯಿ ಮುಂಗಡ ಕೊಟ್ಟು ಸೈಟ್ ಬುಕ್ ಮಾಡಿದ್ರು. ಮಹಾಯುದ್ಧಕ್ಕೆ ಅಂತ ಸರ್ಕಾರ ಆ ಜಾಗಾನ ವಶಕ್ಕೆ ತಗೊಳ್ತು. ರಸ್ತೆ, ಚರಂಡಿ ಹಾಕೋಕಾಗಲ್ಲ, ನಿಮ್ಮ ಮುಂಗಡ ತಗೊಂಡು ಹೋಗಿ ಅಂತು ಕಂಪನಿ. ಯುದ್ಧ ಏನು ಕಲಿಯುಗ ಮುಗಿಯೋ ತನಕ ನಡಿಯುತ್ತಾ, ಆಮೇಲೆ ಮಾಡ್ಕೊಡಬಹುದು, ಕರಾರು ಜೀವಂತ ಇದೆ ಅನ್ನೋದು ಸುಪ್ರೀಂ ಕೋರ್ಟ್ ತೀರ್ಪಿನ ತಾತ್ಪರ್ಯ. ಸತ್ಯವ್ರತ ಘೋಷ್ ಕೇಸು. "ರೇಟು ಏರ್ತು, ಹಳೇ ಮಾತು ಬಿಟ್ಬಿಡಿ" ಅನ್ನೋ ದಲ್ಲಾಳಿ ಸಿಕ್ಕರೆ ಈ ಹೆಸರನ್ನ ಸುಮ್ನೆ ಕಿವಿ ಮೇಲೆ ಹಾಕಿ.

ಕೊನೆಗೆ, ನೀವು ಎಷ್ಟೊತ್ತಿಂದ ತಪ್ಪಿಸ್ಕೊಳ್ತಿರೋ ವಿಷಯ. ಕೈಗಡ! ಅದೇ, ನಿಮ್ಮ ಷಡ್ಡಕನಿಗೆ ಕೊಟ್ಟ ಐವತ್ತು ಸಾವಿರ.

ಒಂದು ಸಲ ಧೈರ್ಯ ಮಾಡಿ ಕೇಳಿದ್ರಿ. "ನಂಗೆ ಆ ರಾಜಣ್ಣ ಅಷ್ಟೇ ಕೊಡಬೇಕು, ಅವನ ಹತ್ರ ಇಸ್ಕೊಂಡ್ಬಿಡು" ಅಂದ. ನೀವು ತಲೆ ಕೆರ್ಕೊಂಡು ಬಂದ್ರಿ. ಸೆಕ್ಷನ್ 62ರಲ್ಲಿ ಥೇಟ್ ಇದೇ ಕತೆ ಇದೆ. ಸಾಲಗಾರನ ಜಾಗಕ್ಕೆ ಬೇರೆಯವನು ಬರೋದಾದ್ರೆ ಮೂರೂ ಜನ ಒಪ್ಪಬೇಕು. ನೀವು "ಹೂಂ" ಅನ್ನೋ ತನಕ ಷಡ್ಡಕನೇ ಸಾಲಗಾರ, ರಾಜಣ್ಣ ಯಾರೋ. "ಹೂಂ" ಅಂದ್ರಾ? ತಲೆ ಕೆರ್ಕೊಂಡ್ರಿ ಅಷ್ಟೇ ತಾನೆ? ಸದ್ಯ.

ಇನ್ನೊಂದು ಸಲ ಮೂವತ್ತು ಸಾವಿರ ತಂದು ಕೊಟ್ಟು "ಇದಕ್ಕೇ ಲೆಕ್ಕ ಚುಕ್ತಾ ಮಾಡ್ಕೊಳ್ಳೋಣ ಭಾವ" ಅಂದ್ರೆ, ನೀವು ದೊಡ್ಡಸ್ತಿಕೆಗೆ "ಹೋಗ್ಲಿ ಬಿಡು" ಅಂತೀರಿ. ಅಂದೇ ಅಂತೀರಿ, ನಿಮ್ಮನ್ನ ನಾನು ಬಲ್ಲೆ. ಇಂಗ್ಲೆಂಡಲ್ಲಾಗಿದ್ರೆ ಆಮೇಲೂ ಉಳಿದದ್ದನ್ನ ಕೇಳ್ಬಹುದಿತ್ತು. ಸಾಲದ ಬದಲು ಕುದುರೆಯನ್ನೋ ಗಿಡುಗವನ್ನೋ ನಿಲುವಂಗಿಯನ್ನೋ ಒಪ್ಕೊಂಡ್ರೆ ತೀರುತ್ತೆ, ಕಮ್ಮಿ ದುಡ್ಡು ಒಪ್ಕೊಂಡ್ರೆ ತೀರಲ್ಲ ಅಂತ ಅಲ್ಲಿ 1602ರಿಂದ ವಿಚಿತ್ರ ನಿಯಮ. 1884ರಲ್ಲಿ ಮಿಸೆಸ್ ಬಿಯರ್ ಅನ್ನೋರು (ಹೆಸರೇ ಅದು, ನಗಬೇಡಿ) ಇನ್ನು ಯಾವ ಕ್ರಮವೂ ತಗೊಳ್ಳಲ್ಲ ಅಂತ ಬರ್ಕೊಟ್ಟ ಮೇಲೂ ಡಾಕ್ಟರ್ ಫೋಕ್ಸ್ ಹತ್ರ ಬಡ್ಡಿ ಗೆದ್ದರು.

ನಮ್ಮ ಸೆಕ್ಷನ್ 63 ಮಹಾ ಉದಾರಿ. ಎ ಐದು ಸಾವಿರ ಕೊಡಬೇಕು, ಎರಡು ಸಾವಿರ ಕೊಟ್ಟ, ಬಿ ಅದಕ್ಕೇ ಒಪ್ಕೊಂಡ, ಸಾಲ ಪೂರ್ತಿ ತೀರ್ತು. ಬಿಟ್ಟಿದ್ದಕ್ಕೆ ಬದಲಿಗೆ ಏನೂ ಸಿಗಬೇಕಿಲ್ಲ, ಮನಸಾರೆ ಬಿಟ್ರೆ ಆಯ್ತು. ಆದ್ದರಿಂದ ಆ "ಹೋಗ್ಲಿ ಬಿಡು" ಅನ್ನೋ ಚಟ ಸ್ವಲ್ಪ ಹಿಡಿತದಲ್ಲಿಟ್ಕೊಳ್ಳಿ. ಕಾಫಿ ಕೊಡಿ, ತಿಂಡಿ ಕೊಡಿ, ಬಾಯಿ ಬಿಡಬೇಡಿ.

"ಅಯ್ಯೋ, ನಾನು ಕೇಳೇ ಇಲ್ಲ, ಬಿಟ್ಟೂ ಇಲ್ಲ, ಸಾಲ ಹಾಗೇ ಇದೆ" ಅಂತೀರಾ? ಇದೆ. ಆದರೆ ಕೋರ್ಟ್ ಬಾಗಿಲು ಇರಲ್ಲ. ಇಂಥ ದಿನ ಕೊಡ್ತೀನಿ ಅನ್ನೋ ಗಡುವಿಲ್ಲದ ಕೈಗಡಕ್ಕೆ ಕಾಲಮಿತಿ ಮೂರು ವರ್ಷ. ಅದೂ ನೀವು ಕೇಳಿದ ದಿನದಿಂದ ಅಂದ್ಕೊಂಡ್ರೋ ಕೆಟ್ರಿ, ಕೊಟ್ಟ ದಿನದಿಂದಲೇ ಗಡಿಯಾರ ಶುರು. ಅಷ್ಟರೊಳಗೆ ಅವನು "ಇಷ್ಟು ಬಾಕಿ ಇದೆ" ಅಂತ ಬರೆದು ಸೈನ್ ಹಾಕ್ಕೊಟ್ರೆ ಆವತ್ತಿಂದ ಮತ್ತೆ ಮೂರು ವರ್ಷ. ಮೀರಿ ಹೋದ ಮೇಲೂ "ಕೊಡ್ತೀನಿ" ಅಂತ ಸೈನ್ ಮಾಡಿ ಕೊಟ್ರೆ ಆ ಮಾತು ನಿಲ್ಲುತ್ತೆ. ಆದರೆ ಷಡ್ಡಕ ಅಷ್ಟು ಒಳ್ಳೆಯವನಾಗಿದ್ರೆ ನಾವು ಇಲ್ಲಿ ಕೂತು ಮಾತಾಡ್ತಿದ್ವಾ?

ಎಲ್ಲಿ, ದುಡ್ಡು ಕೊಟ್ಟ ತಾರೀಕು ಹೇಳಿ ನೋಡೋಣ. ಬರ್ದಿಟ್ಟಿಲ್ವಾ? ಅವನ ಮಗಳ ನಾಮಕರಣದ ಹಿಂದಿನ ವಾರ ಅಂತ ನೆನಪು ಅಂತೀರಾ? ಒಳ್ಳೇದಾಯ್ತು, ಅದರಲ್ಲೇ ಲೆಕ್ಕ ಹಾಕೋಣ. ಮಗು ಏನು ಮಾಡ್ತಿದೆ ಈಗ? ಸ್ಕೂಲಿಗೆ ಹೋಗ್ತಿದೆಯಾ? ಪ್ರೀ-ಕೆಜಿ ಆದ್ರೆ ಇವತ್ತೇ ಚಪ್ಪಲಿ ಮೆಟ್ಕೊಂಡು ಹೊರಡಿ, ಇನ್ನೂ ಆಸೆ ಇರಬಹುದು. ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ... ಯುಕೆಜಿನಾ?